ತೋಟದ ಗಾಡಿಯ ವೈರಿಂಗ್: ಕಪ್ಲರ್ ಆರಿಸುವಾಗ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಕಾಫಿ ಮತ್ತು ಅಡಿಕೆ ತೋಟಗಳಲ್ಲಿ ಸಾಮಾನು ಸಾಗಿಸಲು ಮನೆಯಲ್ಲೇ ಕಟ್ಟಿಕೊಂಡ ಚಿಕ್ಕ ಗಾಡಿಗಳು ಈಗ ಅಪರೂಪವೇನಲ್ಲ. ಹಳೆಯ ಆಟೋರಿಕ್ಷಾದ ಎಂಜಿನ್, ಗುಜರಿಗೆ ಬಂದ ಜೀಪಿನ ಆಕ್ಸಲ್, ಊರಿನ ವೆಲ್ಡಿಂಗ್ ಶೆಡ್ಡಿನಲ್ಲಿ ಮಾಡಿಸಿದ ಚಾಸಿ – ಇಷ್ಟು ಕೂಡಿದರೆ ಗೊನೆ, ಗೊಬ್ಬರ, ಸುಣ್ಣ, ಮೈಲುತುತ್ತ ಎಲ್ಲವನ್ನೂ ಹೊರುವ ಗಾಡಿ ಸಿದ್ಧವಾಗುತ್ತದೆ. ಚಾಸಿ ಮತ್ತು ಎಂಜಿನ್ನಿಗೆ ತಿಂಗಳುಗಟ್ಟಲೆ ಗಮನ ಕೊಡುವವರು ಸಹ ವೈರಿಂಗಿನ ಸರದಿ ಬಂದಾಗ ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಡುವುದುಂಟು. ವೈರುಗಳ ತುದಿ ಹೆಣೆದು ಟೇಪು ಸುತ್ತಿದರೆ ದೀಪ ಹತ್ತುತ್ತದೆ, ಹಾರನ್ ಕೂಗುತ್ತದೆ. ಬೇಸಿಗೆ ಮುಗಿಯುವವರೆಗೆ ಯಾವ ತಕರಾರೂ ಇರುವುದಿಲ್ಲ.

ಪರೀಕ್ಷೆ ಎದುರಾಗುವುದು ಮಳೆಗಾಲದಲ್ಲಿ. ಕೊಳೆರೋಗಕ್ಕೆ ಎರಡನೆಯ ಸಲದ ಬೋರ್ಡೋ ಸಿಂಪಡಣೆಗೆ ಮಳೆ ಹೊಳವಾಗುವುದನ್ನೇ ಕಾಯುತ್ತಿರುತ್ತೇವೆ. ಹೊಳವು ಸಿಕ್ಕಿದ ದಿನ ಕೊನೆಗಾರ ಬಂದಿರುತ್ತಾನೆ, ದ್ರಾವಣ ತಯಾರಿರುತ್ತದೆ, ಗಾಡಿ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಅಥವಾ ಮುಸ್ಸಂಜೆ ಇಳಿಜಾರಿನಲ್ಲಿ ಹೊರೆ ತುಂಬಿಕೊಂಡು ಬರುವಾಗ ಹೆಡ್‌ಲೈಟ್ ಒಮ್ಮೆಲೇ ಆರುತ್ತದೆ. ಬಿಚ್ಚಿ ನೋಡಿದರೆ ಕಾರಣ ಒಂದು ಚಿಕ್ಕ ಸಂದು, ಅದರ ತುಂಬ ಹಸಿರು ಕಿಲುಬು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಇಲ್ಲಿ ನೆನೆಯಬೇಕು. ಗಾಡಿಗೆ ಸಾವಿರಾರು ರೂಪಾಯಿ ಸುರಿದವರು ಸಂದಿನಲ್ಲಿ ಉಳಿಸಿದ ಹಣ ತೀರ ಅಲ್ಪ.

ಹಾಗೆಂದು ವೈರಿಂಗಿಗೆ ಎಲ್ಲೆಡೆ ದುಬಾರಿ ಸಾಮಾನನ್ನೇ ಹಾಕಬೇಕಾಗಿಲ್ಲ. ಯಾವ ಜಾಗಕ್ಕೆ ಯಾವ ಬಗೆಯ ಕನೆಕ್ಟರ್ ಬೇಕು ಎಂಬುದನ್ನು ತಿಳಿದುಕೊಂಡರೆ ಕಡಿಮೆ ಖರ್ಚಿನಲ್ಲಿ, ಕಡಿಮೆ ಜಾಗದಲ್ಲಿ, ಬಾಳಿಕೆ ಬರುವ ವೈರಿಂಗ್ ಮಾಡಿಕೊಳ್ಳಬಹುದು. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮನೆಯಲ್ಲಿ ಕಾರು ಕಟ್ಟುವವರ ಅನುಭವ

ಬ್ರಿಟನ್ನಿನಲ್ಲಿ ಮನೆಯ ಗ್ಯಾರೇಜಿನಲ್ಲೇ ಕಾರು ಕಟ್ಟುವುದು ಹಳೆಯ ಹವ್ಯಾಸ. 1957ರಲ್ಲಿ ಬಂದ ಲೋಟಸ್ ಸೆವೆನ್ ಎಂಬ ಪುಟ್ಟ ಕಾರನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳಬಹುದಿತ್ತು. 1996ರಲ್ಲಿ ರಾನ್ ಚಾಂಪಿಯನ್ ಎಂಬವರು ಕೇವಲ 250 ಪೌಂಡಿನಲ್ಲಿ ಅಂಥದೇ ಕಾರು ಕಟ್ಟುವ ಬಗೆಯನ್ನು ಪುಸ್ತಕವಾಗಿ ಬರೆದ ಮೇಲೆ ಈ ಹವ್ಯಾಸ ಇನ್ನಷ್ಟು ಹಬ್ಬಿತು. ಕಾರು ಚಿಕ್ಕದು, ಒಳಗೆ ಜಾಗವಿಲ್ಲ, ಕೈಯಲ್ಲಿ ಹಣವೂ ಕಡಿಮೆ. ಆದ್ದರಿಂದ ಅಗ್ಗವೂ ಪುಟ್ಟದೂ ನೀರು ತಡೆಯುವಂಥದೂ ಆದ ಕನೆಕ್ಟರ್ ಯಾವುದು ಎಂಬ ಪ್ರಶ್ನೆ ಅವರಿಗೂ ಬಂದೇ ಬರುತ್ತದೆ. ನಮ್ಮ ತೋಟದ ಗಾಡಿಗೂ ಇದೇ ಪ್ರಶ್ನೆ. ವ್ಯತ್ಯಾಸವೆಂದರೆ ನಮಗೆ ಮಳೆ ಹೆಚ್ಚು, ಅದರ ಜೊತೆಗೆ ಮೈಲುತುತ್ತ ಮತ್ತು ರಸಗೊಬ್ಬರದ ಕಾಟ.

ಕೆಡುವುದು ಸಂದು

ವೈರು ಸಾಮಾನ್ಯವಾಗಿ ತಾನಾಗಿ ಕೆಡುವುದಿಲ್ಲ. ಇಲಿ ಕಡಿಯದಿದ್ದರೆ, ಕಬ್ಬಿಣದ ಅಂಚಿಗೆ ಉಜ್ಜದಿದ್ದರೆ ಹಲವಾರು ವರ್ಷ ಬಾಳುತ್ತದೆ. ತೊಂದರೆ ಹುಟ್ಟುವುದು ಎರಡು ವೈರು ಸೇರುವಲ್ಲಿ. ಟೇಪಿನ ಅಂಟು ಎಂಜಿನ್ನಿನ ಬಿಸಿಗೆ ಕರಗಿ ಜಾರುತ್ತದೆ. ನೀರು ಒಳಸೇರಿ, ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ ತಾಮ್ರದ ಎಳೆಗಳ ನಡುವೆ ಮೇಲಕ್ಕೇರುತ್ತದೆ. ಹೊರಗೆ ಹೊಸದಾಗಿ ಕಾಣುವ ವೈರು ಒಳಗೆ ಉದ್ದಕ್ಕೂ ಕಪ್ಪಾಗಿರುತ್ತದೆ.

ಲೆಕ್ಕ ನೋಡಿ. 1.5 ಚದರ ಮಿ.ಮೀ. ತಾಮ್ರದ ವೈರಿನ ಒಂದು ಮೀಟರಿನ ತಡೆ ಸುಮಾರು 0.012 ಓಮ್. ಕಿಲುಬು ಹಿಡಿದ ಒಂದು ಸಂದಿನ ತಡೆ 0.1 ಓಮ್ ಆದರೂ, ಆ ಒಂದು ಸಂದು ಎಂಟು ಮೀಟರಿಗಿಂತ ಹೆಚ್ಚು ಉದ್ದದ ವೈರಿಗೆ ಸಮ. ಅದರಲ್ಲಿ 10 ಆಂಪಿಯರ್ ಕರೆಂಟು ಹರಿದರೆ 1 ವೋಲ್ಟ್ ಅಲ್ಲೇ ನಷ್ಟ. 12 ವೋಲ್ಟಿನ ಹ್ಯಾಲೊಜೆನ್ ಬಲ್ಬಿಗೆ 11 ವೋಲ್ಟ್ ಮಾತ್ರ ಸಿಕ್ಕಿದರೆ ಬೆಳಕಿನಲ್ಲಿ ಸುಮಾರು ಕಾಲುಭಾಗ ಕಡಿಮೆಯಾಗುತ್ತದೆ.

ನಷ್ಟವಾದ ಶಕ್ತಿ ಎಲ್ಲಿ ಹೋಗುತ್ತದೆ? ಬಿಸಿಯಾಗಿ ಆ ಸಂದಿನಲ್ಲೇ ಉಳಿಯುತ್ತದೆ. 1 ವೋಲ್ಟ್, 10 ಆಂಪಿಯರ್ ಎಂದರೆ 10 ವ್ಯಾಟ್. ಸೋಲ್ಡರಿಂಗ್ ಐರನ್ 25 ವ್ಯಾಟಿನಲ್ಲಿ ತವರವನ್ನು ಕರಗಿಸುತ್ತದೆ. ಕಡಲೆಕಾಯಿ ಗಾತ್ರದ ಸಂದಿನಲ್ಲಿ 10 ವ್ಯಾಟ್ ಬಿಸಿ ಎಂದರೆ ಪ್ಲಾಸ್ಟಿಕ್ ಮೆತ್ತಗಾಗಲು ಸಾಕು. ಚಾಸಿಯ ಮೂಲೆಯಲ್ಲಿ ಒಣ ತರಗೆಲೆ, ಅಡಿಕೆ ಸಿಪ್ಪೆ ಸಿಕ್ಕಿಕೊಂಡಿದ್ದು, ಹತ್ತಿರದಲ್ಲೇ ಪೆಟ್ರೋಲ್ ಪೈಪು ಇದ್ದರೆ ಅಪಾಯವನ್ನು ವಿವರಿಸಬೇಕಾಗಿಲ್ಲ.

ಆದ್ದರಿಂದ ಮೊದಲನೆಯ ಸೂತ್ರ ಇದು: ಸಂದುಗಳ ಸಂಖ್ಯೆಯನ್ನೇ ಕಡಿಮೆ ಮಾಡಿ. ಕೈಯಲ್ಲಿರುವ ತುಂಡು ವೈರುಗಳನ್ನು ಜೋಡಿಸುತ್ತ ಹೋಗುವುದಕ್ಕಿಂತ ಸ್ವಿಚ್ಚಿನಿಂದ ದೀಪದವರೆಗೆ ಒಂದೇ ವೈರು ಎಳೆಯಿರಿ. ಖರೀದಿಸದ ಕನೆಕ್ಟರಿಗಿಂತ ಅಗ್ಗದ ಕನೆಕ್ಟರ್ ಬೇರೆ ಇಲ್ಲ.

ಮೊದಲು ಕರೆಂಟಿನ ಲೆಕ್ಕ

ಅಂಗಡಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಗಾಡಿಯ ಎಲ್ಲ ದೀಪಗಳನ್ನೂ ಬರೆದುಕೊಳ್ಳಿ. ಬಲ್ಬಿನ ವ್ಯಾಟನ್ನು 12ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ.

– ಎಚ್.4 ಹೆಡ್‌ಲೈಟ್ ಬಲ್ಬು, 60/55 ವ್ಯಾಟ್: ಒಂದಕ್ಕೆ ಸುಮಾರು 5 ಆಂಪಿಯರ್, ಎರಡಕ್ಕೆ 10.
– ಬ್ರೇಕ್ ದೀಪ, 21 ವ್ಯಾಟ್: ಒಂದಕ್ಕೆ 1.75, ಎರಡಕ್ಕೆ 3.5 ಆಂಪಿಯರ್.
– ಇಂಡಿಕೇಟರ್, 21 ವ್ಯಾಟ್: ಒಂದು ಪಕ್ಕದ ಎರಡಕ್ಕೆ 3.5 ಆಂಪಿಯರ್.
– ಹಿಂದಿನ ಕೆಂಪು ದೀಪ, 5 ವ್ಯಾಟ್: ಒಂದಕ್ಕೆ ಅರ್ಧ ಆಂಪಿಯರಿಗೂ ಕಡಿಮೆ.

ಹಾರನ್ನಿನ ಕರೆಂಟು ಅದರ ಬಗೆಯ ಮೇಲೆ ಹೋಗುತ್ತದೆ. ಅದರ ಮೇಲೆ ಬರೆದದ್ದನ್ನು ನೋಡಿಕೊಳ್ಳಿ. ಎಲ್.ಇ.ಡಿ. ದೀಪ ಹಾಕುವವರಿಗೆ ಈ ಅಂಕಿಗಳು ಬಹಳ ಇಳಿಯುತ್ತವೆ. ಆದರೆ ಕಿಲುಬಿನ ಕಾಟ ಅವಕ್ಕೂ ತಪ್ಪಿದ್ದಲ್ಲ.

ಈ ಪಟ್ಟಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಹೆಡ್‌ಲೈಟ್ ಬಿಟ್ಟರೆ ಗಾಡಿಯ ಬಹುತೇಕ ವೈರುಗಳಲ್ಲಿ ಹರಿಯುವುದು ನಾಲ್ಕು ಆಂಪಿಯರಿಗೂ ಕಡಿಮೆ. ಇದಕ್ಕೆ ದಪ್ಪ, ದುಬಾರಿ ಕನೆಕ್ಟರ್ ಬೇಕಿಲ್ಲ. ಪುಟ್ಟದೇ ಸಾಕು, ನೀರು ತಡೆಯುವಂಥದಾಗಿದ್ದರೆ ಆಯಿತು.

ಜಾಗಕ್ಕೆ ತಕ್ಕ ಕನೆಕ್ಟರ್

ಗಾಡಿಯಲ್ಲಿ ಮೂರು ಬಗೆಯ ಜಾಗಗಳಿವೆ.

ಮೊದಲನೆಯದು ಬ್ಯಾಟರಿ ಮತ್ತು ಸ್ಟಾರ್ಟರ್. ಸ್ಟಾರ್ಟರ್ ಮೋಟಾರು ತಿರುಗುವಾಗ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯಬಹುದು. ಇಲ್ಲಿ ಯಾವ ಕಪ್ಲರೂ ಸಲ್ಲದು. ದಪ್ಪ ಕೇಬಲ್ಲಿಗೆ ತಾಮ್ರದ ರಿಂಗ್ ಲಗ್ ಒತ್ತಿಸಿ, ಬೋಲ್ಟ್ ಹಾಕಿ ಬಿಗಿಯಬೇಕು. ಒತ್ತಿಸುವ ದೊಡ್ಡ ಉಪಕರಣ ನಿಮ್ಮಲ್ಲಿ ಇರುವುದಿಲ್ಲ. ಬ್ಯಾಟರಿ ಅಂಗಡಿಯಲ್ಲಿ ಮಾಡಿಸಿಕೊಳ್ಳಿ. ಮೇಲೆ ವ್ಯಾಸಲೀನ್ ಸವರಿರಿ.

ಎರಡನೆಯದು ಡ್ಯಾಶ್‌ಬೋರ್ಡಿನ ಒಳಭಾಗ. ಇಲ್ಲಿ ನೇರ ಮಳೆ ಬೀಳುವುದಿಲ್ಲ. ಇದಕ್ಕೆ 6.3 ಮಿ.ಮೀ. ಅಗಲದ ಚಪ್ಪಟೆ ಪಿನ್ನು ಅತ್ಯುತ್ತಮ. ಬ್ರಿಟಿಷರು ಲೂಕಾರ್ ಎಂದು ಕರೆಯುವುದು ಇದನ್ನೇ. ಬಹುತೇಕ ರಿಲೇ, ಹಾರನ್, ಸ್ವಿಚ್ಚು, ಫ್ಯೂಸ್ ಬಾಕ್ಸುಗಳಿಗೆ ಇದೇ ಪಿನ್ನು ಹೊಂದುತ್ತದೆ. ತಕ್ಕ ದಪ್ಪದ ವೈರು ಹಾಕಿದರೆ 15 ಆಂಪಿಯರನ್ನು ಸಲೀಸಾಗಿ ಹೊರುತ್ತದೆ. ಬೆಲೆಯೂ ತೀರ ಕಡಿಮೆ. ಪ್ರತಿ ಪಿನ್ನಿಗೂ ಪ್ಲಾಸ್ಟಿಕ್ ಸ್ಲೀವ್ ಹಾಕುವುದನ್ನು ಮರೆಯಬಾರದು. ಹಳೆಯ ಜೀಪು, ಬೈಕುಗಳಲ್ಲಿ ಕಾಣುವ ಗುಂಡು ತಲೆಯ ಬುಲೆಟ್ ಪಿನ್ನು ಕೂಡ ಒಣ ಜಾಗದಲ್ಲಿ ನಡೆಯುತ್ತದೆ, ಆದರೆ ಅದಕ್ಕೆ ಬೀಗವಿಲ್ಲ. ಕುಲುಕಾಟಕ್ಕೆ ನಿಧಾನವಾಗಿ ಕಳಚಿಕೊಳ್ಳಬಹುದು.

ಮೂರನೆಯದು ಮಳೆ, ಕೆಸರು, ಬೋರ್ಡೋ ದ್ರಾವಣ ತಾಗುವ ಜಾಗ: ಹೆಡ್‌ಲೈಟಿನ ಹಿಂದೆ, ಎಂಜಿನ್ನಿನ ಸುತ್ತ, ಹಿಂದಿನ ಹಲಗೆಯ ಕೆಳಗೆ. ಮೈಲುತುತ್ತದ ನೀರು ಕಬ್ಬಿಣದ ಮೇಲೆ ಬಿದ್ದರೆ ಏನಾಗುತ್ತದೆಂದು ತೋಟಿಗರಿಗೆ ಹೇಳಿಕೊಡಬೇಕಿಲ್ಲ. ಅದಕ್ಕಾಗಿಯೇ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸುವುದಿಲ್ಲ. ಪೊಟ್ಯಾಷ್ ಚೀಲದಿಂದ ಉದುರಿದ ಪುಡಿಯೂ ಉಪ್ಪೇ. ತೇವ ಸೇರಿದರೆ ಲೋಹವನ್ನು ತಿನ್ನುತ್ತದೆ. ಇಲ್ಲಿ ಮಾತ್ರ ರಬ್ಬರ್ ಸೀಲ್ ಇರುವ ಕಪ್ಲರ್ ಬೇಕೇ ಬೇಕು. ಇಲ್ಲಿ ಹಣ ಉಳಿಸಬಾರದು.

ಸೀಲ್ ಇರುವ ಕಪ್ಲರುಗಳಲ್ಲಿ ಯಾವುದು?

ಹೆಸರು ಮಾಡಿದ ಎರಡು ಬಗೆಗಳನ್ನು ಹೋಲಿಸಬಹುದು. ಒಂದು, ಡಾಯ್ಚ್ ಡಿ.ಟಿ. ಮಣ್ಣು ತೆಗೆಯುವ ಯಂತ್ರ, ದೊಡ್ಡ ಟ್ರ್ಯಾಕ್ಟರುಗಳಲ್ಲಿ ಬಳಸುವಂಥದು. 2ರಿಂದ 12 ಪಿನ್ನಿನವರೆಗೆ ಸಿಗುತ್ತದೆ, ಪಿನ್ನೊಂದಕ್ಕೆ 13 ಆಂಪಿಯರ್. ಬಲು ಗಟ್ಟಿ. ಆದರೆ ಬೆಲೆ ಹೆಚ್ಚು, ಗಾತ್ರವೂ ದೊಡ್ಡದು. ಅದರ ಗಟ್ಟಿ ಪಿನ್ನುಗಳನ್ನು ಒತ್ತಲು ಬೇರೆಯೇ ಉಪಕರಣ ಬೇಕು, ಅದು ಕನೆಕ್ಟರಿಗಿಂತ ದುಬಾರಿ.

ಇನ್ನೊಂದು, ಎ.ಎಂ.ಪಿ. ಸೂಪರ್‌ಸೀಲ್ 1.5. ಇದು ಕಾರು ಮತ್ತು ದ್ವಿಚಕ್ರ ವಾಹನಗಳಲ್ಲಿ ಬಳಕೆಯಲ್ಲಿದೆ. 1ರಿಂದ 6 ಪಿನ್ನಿನವರೆಗೆ ಸಿಗುತ್ತದೆ. ಪಿನ್ನಿನ ಅಗಲ 1.5 ಮಿ.ಮೀ., ಗರಿಷ್ಠ 14 ಆಂಪಿಯರ್, 1.5 ಚದರ ಮಿ.ಮೀ.ವರೆಗಿನ ವೈರು ಹಿಡಿಯುತ್ತದೆ. ನೀರು ತಡೆಯುವ ಅಳತೆಯಲ್ಲಿ ಇದಕ್ಕೆ ಐ.ಪಿ. 67 ದರ್ಜೆ. ಎಂದರೆ ಧೂಳು ಒಳಹೋಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ಬೆಲೆ, ಗಾತ್ರ ಎರಡರಲ್ಲೂ ತೋಟದ ಗಾಡಿಗೆ ಇದೇ ಹೆಚ್ಚು ಹೊಂದುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳಿವೆ. 14 ಆಂಪಿಯರ್ ಎಂಬುದು ಗರಿಷ್ಠ ಮಿತಿ. ಒಂದೇ ಕಪ್ಲರಿನ ಆರೂ ಪಿನ್ನುಗಳಲ್ಲಿ ಅಷ್ಟು ಹರಿಸಿದರೆ ಒಟ್ಟು ಬಿಸಿ ಹೆಚ್ಚುತ್ತದೆ. ಆದ್ದರಿಂದ ಪಿನ್ನೊಂದಕ್ಕೆ 10 ಆಂಪಿಯರಿನ ಒಳಗೇ ಇರಲಿ. ಎರಡನೆಯದಾಗಿ, ಐ.ಪಿ. 67 ಎಂದರೆ ರಭಸದ ನೀರಿನ ಧಾರೆ ತಡೆಯುತ್ತದೆ ಎಂದರ್ಥವಲ್ಲ. ಸಿಂಪಡಣೆಯ ಪವರ್ ಪಂಪಿನಿಂದಲೇ ಗಾಡಿ ತೊಳೆಯುವ ರೂಢಿ ಹಲವೆಡೆ ಇದೆ. ಕಪ್ಲರುಗಳಿಗೆ ನೇರವಾಗಿ ಗನ್ ಹಿಡಿಯಬೇಡಿ.

ಆರು ಪಿನ್ನಿನ ಎರಡು ಕಪ್ಲರ್ ಸಾಕು

ಹಿಂಭಾಗಕ್ಕೆ ಬೇಕಾದ ವೈರುಗಳನ್ನು ಎಣಿಸಿ: ಕೆಂಪು ದೀಪ, ಬ್ರೇಕ್ ದೀಪ, ಎಡ ಇಂಡಿಕೇಟರ್, ಬಲ ಇಂಡಿಕೇಟರ್, ಅರ್ತ್ – ಒಟ್ಟು ಐದು. ಆರನೆಯದು ಮುಂದೆ ಹಿಂದಿನ ಕೆಲಸದ ದೀಪಕ್ಕೋ ಮತ್ತೊಂದಕ್ಕೋ ಇರಲಿ. ಬಳಸದ ರಂಧ್ರಕ್ಕೆ ರಬ್ಬರ್ ಬಿರಡೆ ಹಾಕಲೇಬೇಕು. ಒಂದು ರಂಧ್ರ ತೆರೆದಿದ್ದರೆ ಉಳಿದ ಐದರ ಸೀಲ್ ಇದ್ದೂ ಇಲ್ಲದಂತೆ.

ಮುಂಭಾಗಕ್ಕೆ ಹೈಬೀಮ್, ಲೋಬೀಮ್, ಎಡ ಮತ್ತು ಬಲ ಇಂಡಿಕೇಟರ್, ಹಾರನ್, ಅರ್ತ್ ಸೇರಿ ಆರು. ಆದರೆ ಅರ್ತಿನ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಹೋದ ಕರೆಂಟೆಲ್ಲ ಅದೇ ದಾರಿಯಲ್ಲಿ ಹಿಂದಿರುಗಬೇಕು. ಎರಡು ಹೆಡ್‌ಲೈಟಿನ 10 ಆಂಪಿಯರಿಗೆ ಹಾರನ್, ಇಂಡಿಕೇಟರ್ ಸೇರಿದರೆ ಒಂದು ಪಿನ್ನಿನ ಮಿತಿ ಮೀರುತ್ತದೆ. ಆದ್ದರಿಂದ ಹೆಡ್‌ಲೈಟಿನ ಅರ್ತನ್ನು ಕಪ್ಲರಿಗೆ ತರದೆ, ಹತ್ತಿರದಲ್ಲೇ ಚಾಸಿಯ ಬಣ್ಣ ಕೆರೆದು ರಿಂಗ್ ಲಗ್ ಹಾಕಿ ಬೋಲ್ಟ್ ಮಾಡಿ, ಮೇಲೆ ಮತ್ತೆ ಬಣ್ಣ ಹಚ್ಚಿ. ಬ್ಯಾಟರಿಯಿಂದ ಚಾಸಿಗೆ, ಎಂಜಿನ್ನಿನಿಂದ ಚಾಸಿಗೆ ದಪ್ಪ ಅರ್ತ್ ಪಟ್ಟಿ ಇರಲೇಬೇಕು.

ಹೀಗೆ ಮಾಡಿದರೆ ದೀಪಕ್ಕೊಂದು ಸಂದು ಎಂಬ ಬದಲು ಮುಂದೆ ಒಂದು, ಹಿಂದೆ ಒಂದು ಕಪ್ಲರಿನಲ್ಲಿ ಕೆಲಸ ಮುಗಿಯುತ್ತದೆ. ವೆಲ್ಡಿಂಗಿಗೆಂದು ಹಿಂದಿನ ಹಲಗೆ ಬಿಚ್ಚುವಾಗ ಒಂದೇ ಕಡೆ ಕಳಚಿದರೆ ಸಾಕು. ಬ್ಯಾಟರಿ ಕಡೆಯಿಂದ ಕರೆಂಟು ಬರುವ ತುದಿಗೆ ಹೆಣ್ಣು ಪಿನ್ನು ಇರಲಿ. ಕಳಚಿದಾಗ ಜೀವಂತ ಪಿನ್ನು ಹೊರಚಾಚಿ ಚಾಸಿಗೆ ತಾಗುವುದು ಇದರಿಂದ ತಪ್ಪುತ್ತದೆ.

ಉಪಕರಣಕ್ಕೆ ಹಣ ಹಾಕಿ

ಒಳ್ಳೆಯ ಕಪ್ಲರನ್ನು ಕಟಿಂಗ್ ಪ್ಲೇಯರಿನಿಂದ ಅದುಮಿದರೆ ಅದು ಕೆಟ್ಟ ಕಪ್ಲರೇ. ಈ ಪಿನ್ನುಗಳ ಬಾಲದಲ್ಲಿ ಎರಡು ಜೊತೆ ರೆಕ್ಕೆಗಳಿರುತ್ತವೆ. ಮುಂದಿನ ಜೊತೆ ಬರಿಯ ತಾಮ್ರವನ್ನು ಹಿಡಿಯಬೇಕು. ಹಿಂದಿನ ಜೊತೆ ವೈರಿನ ಮೇಲೆ ಮೊದಲೇ ತೂರಿಸಿದ ಪುಟ್ಟ ರಬ್ಬರ್ ಸೀಲನ್ನು ಹಿಡಿಯಬೇಕು. ಸರಿಯಾದ ಕ್ರಿಂಪಿಂಗ್ ಟೂಲ್ ಆ ರೆಕ್ಕೆಗಳನ್ನು ಒಳಕ್ಕೆ ಸುರುಳಿಸಿ ಎಳೆಗಳೊಡನೆ ಒಂದೇ ಗಟ್ಟಿಯಾಗಿ ಒತ್ತುತ್ತದೆ. ಒತ್ತು ಪೂರ್ಣವಾಗದೆ ಬಿಚ್ಚಿಕೊಳ್ಳದ ರ‍್ಯಾಚೆಟ್ ಬಗೆಯದನ್ನೇ ಕೊಳ್ಳಿ. ಕೆಂಪು, ನೀಲಿ, ಹಳದಿ ಪ್ಲಾಸ್ಟಿಕ್ ಹೊದಿಕೆಯ ಲಗ್ಗುಗಳ ಟೂಲಿನ ಬಾಯಿ ಬೇರೆ ಆಕಾರದ್ದು, ಅದು ಇದಕ್ಕೆ ಆಗದು. ಒಬ್ಬರಿಗೆ ದುಬಾರಿ ಎನಿಸಿದರೆ ನಾಲ್ಕಾರು ತೋಟದವರು ಸೇರಿ ಒಂದನ್ನು ಕೊಂಡು ಹಂಚಿಕೊಳ್ಳಬಹುದು. ವರ್ಷಕ್ಕೆ ಎರಡು ದಿನ ಬೇಕಾಗುವ ಸಾಮಾನಿಗೆ ಸಹಕಾರದ ದಾರಿಯೇ ಸರಿ.

ಬೆಸುಗೆ ಹಾಕಿದರೆ ಇನ್ನೂ ಗಟ್ಟಿಯಲ್ಲವೇ ಎಂದು ಕೇಳುವವರಿದ್ದಾರೆ. ತವರ ಎಳೆಗಳೊಳಗೆ ಹರಿದು ವೈರನ್ನು ಕಡ್ಡಿಯಂತೆ ಮಾಡುತ್ತದೆ. ತವರ ಮುಗಿದು ಮೆದು ವೈರು ಶುರುವಾಗುವಲ್ಲಿ ಕುಲುಕಾಟಕ್ಕೆ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ತೋಟದ ದಾರಿಯ ಕುಲುಕಾಟ ಎಂಥದೆಂದು ನಿಮಗೇ ಗೊತ್ತು.

ಮೊದಲು ಒಂದೆರಡು ಪಿನ್ನುಗಳನ್ನು ಪರೀಕ್ಷೆಗಾಗಿ ಒತ್ತಿ ನೋಡಿ. 1 ಚದರ ಮಿ.ಮೀ. ವೈರಿಗೆ ಸುಮಾರು 10 ಕಿಲೋ ತೂಕ ನೇತು ಹಾಕಿದರೂ ಪಿನ್ನು ಕಳಚಬಾರದು.

ಅಂಗಡಿಯಲ್ಲಿ ಗಮನಿಸಬೇಕಾದುದು

1. ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ ಇರಲಿ. ಪಿನ್ನಿಗೆ ಅಂಟಿಕೊಂಡರೆ ಅದು ಲೇಪ ಹಾಕಿದ ಕಬ್ಬಿಣ, ಬೇಡ. ಹಿತ್ತಾಳೆ, ಕಂಚಿನ ಪಿನ್ನು ಅಂಟುವುದಿಲ್ಲ.

2. ಕಪ್ಲರ್ ಕೊಳ್ಳುವಾಗ ಎರಡೂ ಅರ್ಧ, ಪಿನ್ನುಗಳು, ಸೀಲುಗಳು, ಬಿರಡೆಗಳು ಎಲ್ಲ ಇವೆಯೇ ಎಂದು ಎಣಿಸಿ. ಕಾಲುಭಾಗದಷ್ಟು ಪಿನ್ನುಗಳನ್ನು ಹೆಚ್ಚಿಗೆ ತನ್ನಿ.

3. ವೈರು ವಾಹನಕ್ಕೆಂದೇ ಮಾಡಿದ ಬಹು ಎಳೆಯದಾಗಿರಲಿ. ಮನೆಯ ವೈರಿನ ದಪ್ಪ ಹೊದಿಕೆ ಸೀಲಿನೊಳಗೆ ಸರಿಯಾಗಿ ಕೂರುವುದಿಲ್ಲ. ಒಂಟಿ ಕಂಬಿಯ ವೈರು ಕುಲುಕಾಟಕ್ಕೆ ಮುರಿಯುತ್ತದೆ.

4. ಸ್ಕ್ರೂ ಬಿಗಿಯುವ ಮನೆಯ ಪ್ಲಾಸ್ಟಿಕ್ ಪಟ್ಟಿ ಕನೆಕ್ಟರ್ ಗಾಡಿಗೆ ಬೇಡವೇ ಬೇಡ. ಸ್ಕ್ರೂ ಎಳೆಗಳನ್ನು ಕತ್ತರಿಸುತ್ತದೆ, ಆಮೇಲೆ ಸಡಿಲವಾಗುತ್ತದೆ.

5. ಗುಜರಿಯಲ್ಲಿ ಹೊಸ ಮಾದರಿಯ ಬೈಕು, ಕಾರಿನ ಕಪ್ಲರ್ ಸಿಕ್ಕಿದರೆ ಎರಡೂ ಅರ್ಧವನ್ನು ಗೇಣುದ್ದ ವೈರಿನ ಸಮೇತ ಕತ್ತರಿಸಿಕೊಳ್ಳಿ. ಒಳಗೆ ಹಸಿರು ಕಂಡರೆ ಅಲ್ಲಿಯೇ ಬಿಟ್ಟುಬಿಡಿ.

ಹತ್ತಿರದ ಪೇಟೆಯಲ್ಲಿ ಸಿಗದಿದ್ದರೆ ಬೆಂಗಳೂರಿಗೆ ಹೋದಾಗ ವಾಹನದ ಬಿಡಿಭಾಗಗಳಿಗೆ ಜೆ.ಸಿ. ರಸ್ತೆ, ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಸಾಮಾನಿಗೆ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು.

ಫ್ಯೂಸ್ ಮರೆಯಬೇಡಿ

ಫ್ಯೂಸ್ ಇರುವುದು ವೈರನ್ನು ಕಾಯಲು. ಮುಖ್ಯ ಫ್ಯೂಸು ಬ್ಯಾಟರಿಗೆ ಸಾಧ್ಯವಾದಷ್ಟು ಹತ್ತಿರದಲ್ಲಿರಬೇಕು. ಫ್ಯೂಸಿನ ಅಳತೆ ಆ ದಾರಿಯ ಅತಿ ಸಣ್ಣ ವೈರು ಮತ್ತು ಪಿನ್ನಿನ ಮಿತಿಯನ್ನು ಮೀರಬಾರದು. ಚಪ್ಪಟೆ ಫ್ಯೂಸುಗಳಲ್ಲಿ ಕಂದು 7.5, ಕೆಂಪು 10, ನೀಲಿ 15, ಹಳದಿ 20 ಆಂಪಿಯರ್. ಹಿಂದಿನ ದೀಪಗಳಿಗೆ 7.5 ಸಾಕು. ಹೆಡ್‌ಲೈಟಿಗೆ ಎಡಕ್ಕೊಂದು ಬಲಕ್ಕೊಂದು ಫ್ಯೂಸ್ ಇದ್ದರೆ ಒಂದು ಹೋದರೂ ಇನ್ನೊಂದರ ಬೆಳಕಿನಲ್ಲಿ ಮನೆ ಸೇರಬಹುದು. ಹಾಗೆ ಮಾಡುವವರು ಹೈಬೀಮ್, ಲೋಬೀಮ್‌ಗಳ ವೈರನ್ನೂ ಎರಡು ಪಕ್ಕಕ್ಕೆ ಬೇರೆ ಬೇರೆಯಾಗಿ ಎಳೆದು, ಅವಕ್ಕೇ ನಾಲ್ಕು ಪಿನ್ನಿನ ಇನ್ನೊಂದು ಕಪ್ಲರ್ ಹಾಕಬೇಕಾಗುತ್ತದೆ. ಇಳಿಜಾರಿನ ದಾರಿ ಇರುವ ತೋಟಗಳಲ್ಲಿ ಈ ಹೆಚ್ಚಿನ ಖರ್ಚು ಸಾರ್ಥಕ. ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ.

ಮಳೆಗಾಲಕ್ಕೆ ಮುನ್ನ

ಪ್ರತಿವರ್ಷ ಮೇ ತಿಂಗಳಲ್ಲಿ, ಮೊದಲ ಸಿಂಪಡಣೆಯ ತಯಾರಿಯ ಜೊತೆಗೇ ಅರ್ಧ ದಿನ ಗಾಡಿಗೂ ಕೊಡಿ. ಕಪ್ಲರುಗಳನ್ನು ಕಳಚಿ ಒಳಗೆ ನೋಡಿ. ಪ್ರತಿ ವೈರನ್ನೂ ಮೆಲ್ಲಗೆ ಎಳೆದು ನೋಡಿ. ವೈರು ಕಪ್ಲರಿಗೆ ಬರುವ ಮುನ್ನ ಸ್ವಲ್ಪ ಕೆಳಗೆ ಜೋತು ಮತ್ತೆ ಮೇಲೇರುವಂತಿರಲಿ. ಆಗ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಕಪ್ಲರಿನವರೆಗೆ ಬರುವುದಿಲ್ಲ. ಅಂಚುಗಳಲ್ಲಿ ರಬ್ಬರ್ ಬುಷ್ ಇದೆಯೇ, ಇಲಿ ಕಡಿದಿದೆಯೇ ಪರೀಕ್ಷಿಸಿ.

ಮಲ್ಟಿಮೀಟರ್ ಇದ್ದವರಿಗೆ ಇನ್ನೂ ಸುಲಭ. ಹೆಡ್‌ಲೈಟ್ ಉರಿಯುತ್ತಿರುವಾಗ ಕಪ್ಲರಿನ ಈಚೆ ಒಂದು ಕಡ್ಡಿ, ಆಚೆ ಒಂದು ಕಡ್ಡಿ ಹಿಡಿದು ವೋಲ್ಟ್ ನೋಡಿ. 0.1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ಪಿನ್ನನ್ನು ಬದಲಿಸುವ ಕಾಲ ಬಂದಿದೆ ಎಂದು ತಿಳಿಯಿರಿ. ಕಣ್ಣಿಗೆ ಕಾಣದ ದೋಷ ಹೀಗೆ ದೀಪ ಆರುವ ಮುನ್ನವೇ ಸಿಕ್ಕಿಬೀಳುತ್ತದೆ.

ಮನೆಯಲ್ಲಿ ಕಟ್ಟಿದ ಗಾಡಿ ತೋಟದ ಒಳಗಿನ ಕೆಲಸಕ್ಕೆ ಮಾತ್ರ ಎಂಬುದನ್ನೂ ನೆನಪಿಡಬೇಕು. 1988ರ ಮೋಟಾರು ವಾಹನ ಕಾಯ್ದೆಯಂತೆ ನೋಂದಣಿ ಇಲ್ಲದ ವಾಹನವನ್ನು ಸಾರ್ವಜನಿಕ ರಸ್ತೆಗೆ ತರುವಂತಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಒಳಗೆ ಅಗ್ಗದ ಚಪ್ಪಟೆ ಪಿನ್ನು, ನೀರು ತಾಗುವಲ್ಲಿ ಸೀಲಿನ ಕಪ್ಲರ್, ಬ್ಯಾಟರಿಗೆ ಬೋಲ್ಟು, ಎಲ್ಲಕ್ಕೂ ಮೊದಲು ಒಂದು ಒಳ್ಳೆಯ ಕ್ರಿಂಪಿಂಗ್ ಟೂಲ್. ಇಷ್ಟನ್ನು ಪಾಲಿಸಿದ ಗಾಡಿ ಆಷಾಢದ ಮಳೆಯಲ್ಲೂ ಕೀಲಿ ತಿರುಗಿಸಿದೊಡನೆ ಹೊರಡುತ್ತದೆ.